ನಗೆ ಅನಿಲದ ಕಥೆಯಲ್ಲಿ ಆಕ್ಸಿಜನ್ ಎಲ್ಲಿ?

ನೈಟ್ರಸ್ ಆಕ್ಸೈಡ್ ಬಗ್ಗೆ ನೀವು ಕಲಿತದ್ದನ್ನು, ಅಥವಾ ಕಲಿಸಿದ್ದನ್ನು, ಒಮ್ಮೆ ನೆನಪಿಸಿಕೊಳ್ಳಿ. ಅಮೋನಿಯಮ್ ನೈಟ್ರೇಟನ್ನು ಎಚ್ಚರಿಕೆಯಿಂದ ಕಾಯಿಸಿದರೆ ಈ ಅನಿಲ ದೊರೆಯುತ್ತದೆ. ಇದಕ್ಕೆ ಬಣ್ಣವಿಲ್ಲ, ನಸು ಸಿಹಿಯಾದ ವಾಸನೆ ಇದೆ. ಕೆಂಡವಾಗಿರುವ ಕಡ್ಡಿಯನ್ನು ಇದರೊಳಗೆ ಹಿಡಿದರೆ ಕಡ್ಡಿ ಮತ್ತೆ ಹೊತ್ತಿಕೊಳ್ಳುತ್ತದೆ. ಉಸಿರಾಡಿದವರಿಗೆ ನಗು ಬರುವುದರಿಂದ 'ನಗೆ ಅನಿಲ' ಎಂಬ ಹೆಸರು. ದಂತವೈದ್ಯರು ಹಲ್ಲು ಕೀಳುವಾಗ ಇದನ್ನು ಬಳಸುತ್ತಾರೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಸಾಕು.

ಈ ಐದಾರು ವಾಕ್ಯಗಳಲ್ಲಿ ಯಾವುದನ್ನೂ ಸುಳ್ಳೆನ್ನುವಂತಿಲ್ಲ. ಆದರೆ ಅವೆಲ್ಲ ಸೇರಿ ಓದುಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರ ತಪ್ಪು. ಇದು ನನಗೆ ಹೊಳೆದದ್ದು ತಡವಾಗಿ. ವರ್ಷಗಳ ಹಿಂದೆ ನಾನೇ ಈ ಅನಿಲದ ಬಗ್ಗೆ ಒಂದು ಪುಟ್ಟ ಲೇಖನ ಬರೆದಿದ್ದೆ. ಡೇವಿ, ವೆಲ್ಸ್, ಜಾತ್ರೆಯ ಪ್ರದರ್ಶನ, ನಗು ಎಲ್ಲವೂ ಅದರಲ್ಲಿದ್ದವು. ಅದನ್ನು ತರಗತಿಯಲ್ಲಿ ಓದಿ ಹೇಳಿದಾಗ ಪಿಯುಸಿ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: "ಸಾರ್, ಕಡ್ಡಿ ಹೊತ್ತಿಕೊಳ್ಳುತ್ತದೆ ಅಂದಮೇಲೆ ಆಕ್ಸಿಜನ್ ಇಲ್ಲದಾಗ ಇದನ್ನೇ ಉಸಿರಾಡಬಹುದಲ್ಲ?"

ಆಗದು ಎಂದೆ. ಯಾಕೆ ಆಗದು ಎನ್ನಲು ನಾನು ಓದಿದ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ! ಅಂದು ಶುರುವಾದ ಮುಜುಗರವೇ ಈ ವಿಮರ್ಶೆಗೆ ಕಾರಣ. ಈ ಅನಿಲದ ಕಥೆಯನ್ನು ನಾವು ಹೇಳುತ್ತ ಬಂದಿರುವ ರೀತಿಯನ್ನೇ ಇಲ್ಲಿ ಪರಿಶೀಲಿಸೋಣ.

ಹುಡುಗನ ಪ್ರಶ್ನೆಯಿಂದಲೇ ಆರಂಭಿಸೋಣ. ನೈಟ್ರಸ್ ಆಕ್ಸೈಡ್ ಅಣುವಿನಲ್ಲಿ ಎರಡು ನೈಟ್ರೊಜನ್ ಪರಮಾಣುಗಳೂ ಒಂದು ಆಕ್ಸಿಜನ್ ಪರಮಾಣುವೂ ಇವೆ. ಅಣುಭಾರ 44, ಅದರಲ್ಲಿ ಆಕ್ಸಿಜನ್‌ನ ಪಾಲು 16. ಅಂದರೆ ತೂಕದಲ್ಲಿ ಶೇಕಡ 36ಕ್ಕಿಂತ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು ಗಾತ್ರದಲ್ಲಿ ಸುಮಾರು ಶೇಕಡ 21, ತೂಕದಲ್ಲಿ ಶೇಕಡ 23. ಕಾಗದದ ಮೇಲಿನ ಲೆಕ್ಕದಂತೆ ಗಾಳಿಗಿಂತ ಈ ಅನಿಲವೇ ಮೇಲು. ಆದರೆ ಈ ಆಕ್ಸಿಜನ್ ನೈಟ್ರೊಜನ್‌ಗೆ ಕಟ್ಟಿಹಾಕಲ್ಪಟ್ಟ ಆಕ್ಸಿಜನ್. ಅದು ಬಿಡುಗಡೆಯಾಗಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಾಪ ಬೇಕು. ಕೆಂಡದ ತುದಿಯಲ್ಲಿ ಆ ತಾಪವಿದೆ, ಅಣು ಒಡೆಯುತ್ತದೆ, ಕಡ್ಡಿ ಉರಿಯುತ್ತದೆ. ನಮ್ಮ ಮೈಯ ತಾಪ 37 ಡಿಗ್ರಿ. ಶ್ವಾಸಕೋಶದ ಮೂಲಕ ರಕ್ತ ಸೇರಿದ ನೈಟ್ರಸ್ ಆಕ್ಸೈಡ್ ಹೆಚ್ಚೂಕಡಿಮೆ ಒಂದಿಷ್ಟೂ ಬದಲಾಗದೆ ಬಂದ ದಾರಿಯಲ್ಲೇ ಹೊರಹೋಗುತ್ತದೆ. ಅಪ್ಪಟ ನೈಟ್ರಸ್ ಆಕ್ಸೈಡನ್ನು ಉಸಿರಾಡುವವನಿಗೆ ಆಕ್ಸಿಜನ್ ದೊರೆಯುವ ವಿಷಯದಲ್ಲಿ, ಅವನು ಅಪ್ಪಟ ನೈಟ್ರೊಜನ್ ಉಸಿರಾಡಿದಂತೆಯೇ ಸರಿ.

'ದಹನಾನುಕೂಲಿ' ಎಂಬ ಪಠ್ಯದ ಪದ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ. ಉರಿಗೆ ಆಸರೆಯಾಗುವುದು ಬೇರೆ, ಉಸಿರಿಗೆ ಆಸರೆಯಾಗುವುದು ಬೇರೆ. ಕಡ್ಡಿಯ ಪ್ರಯೋಗವನ್ನು ಹೇಳುವ ಪ್ರತಿಯೊಬ್ಬ ಅಧ್ಯಾಪಕನೂ ಅದೇ ಉಸಿರಿನಲ್ಲಿ ಇದನ್ನೂ ಹೇಳಬೇಕಿತ್ತು. ನಾನು ಹೇಳಿರಲಿಲ್ಲ.

ಡೇವಿಯ ಪುಸ್ತಕ: ನಾವು ಓದುವ ಕಾಲು ಭಾಗ

ಕಥೆಯ ಮೊದಲ ನಾಯಕ ಹಂಫ್ರಿ ಡೇವಿ. ಈ ಅನಿಲವನ್ನು ಮೊದಲು ತಯಾರಿಸಿದವನು ಜೋಸೆಫ್ ಪ್ರೀಸ್ಟ್ಲಿ, 1772ರಲ್ಲಿ. 1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಥಾಮಸ್ ಬೆಡೋಸ್ ಎಂಬ ವೈದ್ಯ ಸ್ಥಾಪಿಸಿದ್ದ ಅನಿಲ ಚಿಕಿತ್ಸಾ ಸಂಸ್ಥೆಯಲ್ಲಿ, ಇಪ್ಪತ್ತು ದಾಟಿರದ ಡೇವಿ ಇದನ್ನು ರೇಷ್ಮೆ ಚೀಲಗಳಲ್ಲಿ ತುಂಬಿ ತಾನೂ ಸೇದಿದ, ಸ್ನೇಹಿತರಿಗೂ ಕೊಟ್ಟ. ಕವಿಗಳಾದ ಕೋಲ್‌ರಿಜ್ ಮತ್ತು ಸದೆ ಆ ಸ್ನೇಹಿತರಲ್ಲಿದ್ದರು. 1800ರಲ್ಲಿ ಐನೂರಕ್ಕೂ ಹೆಚ್ಚು ಪುಟಗಳ ಪುಸ್ತಕ ಪ್ರಕಟಿಸಿದ. ಅದರ ಕೊನೆಯ ಭಾಗದಲ್ಲಿ, ಹೆಚ್ಚು ರಕ್ತ ಹರಿಯದ ಶಸ್ತ್ರಚಿಕಿತ್ಸೆಗಳಲ್ಲಿ ಈ ಅನಿಲ ಉಪಯೋಗಕ್ಕೆ ಬರಬಹುದೆಂಬ ಸೂಚನೆ ಇದೆ. ಮುಂದಿನ 44 ವರ್ಷ ಯಾರೂ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಾವೆಲ್ಲ ಬರೆಯುವುದು ಇಷ್ಟನ್ನು, ಜೊತೆಗೆ 'ಅಯ್ಯೋ, ಎಂಥ ಅವಕಾಶ ತಪ್ಪಿತು' ಎಂಬ ಉದ್ಗಾರವನ್ನು.

ಆ ಪುಸ್ತಕದಲ್ಲಿ ನಾಲ್ಕು ಭಾಗಗಳಿವೆ. ಸ್ನೇಹಿತರ ನಗು, ಕುಣಿತ, ಪುಳಕಗಳೆಲ್ಲ ಬರುವುದು ನಾಲ್ಕನೆಯದರಲ್ಲಿ. ಜನಪ್ರಿಯ ಲೇಖನಗಳು ಬಳಸಿಕೊಳ್ಳುವುದು ಅದೊಂದನ್ನೇ. ಮೊದಲ ಭಾಗಗಳು ಅನಿಲದ ತಯಾರಿ, ಶುದ್ಧತೆ ಮತ್ತು ರಸಾಯನಕ್ಕೆ ಮೀಸಲು. ಮೂರನೆಯದು ಪ್ರಾಣಿಗಳ ಉಸಿರಾಟದ ಮೇಲೆ ಇದರ ಪರಿಣಾಮವನ್ನು ಕುರಿತದ್ದು. ಅಪ್ಪಟ ಅನಿಲದಲ್ಲಿಟ್ಟ ಪ್ರಾಣಿಗಳು ಕೊನೆಗೆ ಸತ್ತವೆಂಬ ದಾಖಲೆ ಅಲ್ಲೇ ಇದೆ. ಡೇವಿಯ ವಿಷಯದಲ್ಲಿ ನಾನು ಮೆಚ್ಚುವುದು ಅವನ ಧೈರ್ಯವನ್ನಲ್ಲ. ಧೈರ್ಯ ಅತಿಯಾಗಿಯೇ ಇತ್ತು. ಕಾರ್ಬನ್ ಮಾನಾಕ್ಸೈಡ್ ಇದ್ದ ಮಿಶ್ರಣವನ್ನು ಸೇದಿ ಸಾವಿನ ಅಂಚಿಗೆ ಹೋಗಿ ಬಂದವನು ಅವನು. ಮೆಚ್ಚಬೇಕಾದದ್ದು, ತನಗೆ ಹಿತವೆನಿಸಿದ ಅನಿಲವೇ ಪ್ರಾಣಿಗಳನ್ನು ಕೊಂದದ್ದನ್ನೂ ಅಷ್ಟೇ ವಿವರವಾಗಿ ಬರೆದಿಟ್ಟ ಪ್ರಾಮಾಣಿಕತೆಯನ್ನು.

ಹಲ್ಲಿನ ಸಂಗತಿಯೂ ಅಲ್ಲಿದೆ. ಅಕ್ಕಲ್ದಾಡೆ ಮೂಡುವಾಗ ಒಸಡು ಊದಿಕೊಂಡು ಬಂದ ನೋವು, ಅನಿಲದ ನಾಲ್ಕೈದು ಉಸಿರಿಗೇ ಕಡಿಮೆಯಾಯಿತೆಂದು ಡೇವಿ ಬರೆಯುತ್ತಾನೆ. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಮಲು ಇಳಿದಂತೆ ನೋವು ಮರಳಿತು, ಒಮ್ಮೆ ಮೊದಲಿಗಿಂತ ಜೋರಾಗಿದೆಯೇನೋ ಎಂದೂ ಅನ್ನಿಸಿತು ಎಂಬ ಮುಂದಿನ ಮಾತನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ಆದರೆ ಅನಿಲದ ಸ್ವಭಾವ ಅಡಗಿರುವುದು ಆ ಬಿಟ್ಟ ಮಾತಿನಲ್ಲೇ: ಬೇಗ ಬರುತ್ತದೆ, ಬೇಗ ಹೋಗುತ್ತದೆ.

ವೆಲ್ಸ್‌ನದು ದುರದೃಷ್ಟವೆ?

ಎರಡನೆಯ ನಾಯಕ ಹೊರೇಸ್ ವೆಲ್ಸ್. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಗಾರ್ಡ್ನರ್ ಕೋಲ್ಟನ್ ಎಂಬಾತ ಟಿಕೆಟ್ಟಿಟ್ಟು ನಗೆ ಅನಿಲದ ಪ್ರದರ್ಶನ ನಡೆಸಿದ. ಅನಿಲ ಸೇದಿದ ಸ್ಯಾಮುಯಲ್ ಕೂಲಿ ಎಂಬ ಯುವಕ ಕಾಲಿಗೆ ಪೆಟ್ಟು ಮಾಡಿಕೊಂಡರೂ ನೋವೆನ್ನಲಿಲ್ಲ. ಪ್ರೇಕ್ಷಕರಲ್ಲಿದ್ದ ದಂತವೈದ್ಯ ವೆಲ್ಸ್ ಇದನ್ನು ಗಮನಿಸಿ, ಮರುದಿನವೇ ಅನಿಲ ಸೇದಿ, ಸಹೋದ್ಯೋಗಿ ಜಾನ್ ರಿಗ್ಸ್‌ನಿಂದ ತನ್ನದೇ ಹಲ್ಲು ಕೀಳಿಸಿಕೊಂಡ. 1845ರ ಜನವರಿಯಲ್ಲಿ ಬಾಸ್ಟನ್‌ನ ವೈದ್ಯವಿದ್ಯಾರ್ಥಿಗಳೆದುರು ಪ್ರದರ್ಶನಕ್ಕೆ ನಿಂತಾಗ ರೋಗಿ ಕೂಗಿಕೊಂಡ, ಸಭೆ ಗೇಲಿ ಮಾಡಿತು. ಮರುವರ್ಷ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ವಿಲಿಯಮ್ ಮಾರ್ಟನ್ ಈಥರ್ ಬಳಸಿ ಯಶಸ್ವಿಯಾದ. ವೆಲ್ಸ್ 1848ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡ.

ಮನ ಕಲಕುವ ಕಥೆ ನಿಜ. ಆದರೆ ಹೇಳುವವರು ಇದನ್ನು ಅದೃಷ್ಟದ ಕಥೆಯಾಗಿಸುತ್ತಾರೆ. ಚೀಲವನ್ನು ತುಸು ಬೇಗ ತೆಗೆದದ್ದೇ ಎಡವಟ್ಟಾಯಿತಂತೆ. ವೆಲ್ಸ್‌ನ ಸಮಜಾಯಿಷಿಯೂ ಅದೇ. ಹಾಗಾದರೆ ಚೀಲವನ್ನು ಇನ್ನಷ್ಟು ಹೊತ್ತು ಹಿಡಿದಿದ್ದರೆ? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ. ಚೀಲದಲ್ಲಿದ್ದದ್ದು ಅನಿಲವೊಂದೇ, ಬೇರೆಯಾಗಿ ಆಕ್ಸಿಜನ್ ಇರಲಿಲ್ಲ. ಇಂದು ತಿಳಿದಿರುವಂತೆ, ಸಾಮಾನ್ಯ ವಾಯುಮಂಡಲ ಒತ್ತಡದಲ್ಲಿ ನೈಟ್ರಸ್ ಆಕ್ಸೈಡ್ ಒಂದರಿಂದಲೇ ಶಸ್ತ್ರಚಿಕಿತ್ಸೆಗೆ ಬೇಕಾದ ಪೂರ್ಣ ಅರಿವಳಿಕೆ ಬರಬೇಕಾದರೆ ಅದರ ಸಾಂದ್ರತೆ ಶೇಕಡ 104 ಇರಬೇಕು! ನೂರಕ್ಕಿಂತ ಹೆಚ್ಚು ಶೇಕಡ ಎಂಬುದು ಅಸಾಧ್ಯ. ಹಾಗಿದ್ದೂ ಆ ಕಾಲದಲ್ಲಿ ರೋಗಿಗಳು ಪ್ರಜ್ಞೆ ತಪ್ಪುತ್ತಿದ್ದರಲ್ಲ? ಅದರಲ್ಲಿ ಅನಿಲದ ಪಾಲು ಅರ್ಧವಾದರೆ, ಉಸಿರುಕಟ್ಟಿದ್ದರ ಪಾಲು ಇನ್ನರ್ಧ. ತುಟಿ ನೀಲಿಗಟ್ಟುತ್ತಿತ್ತು, ಆ ಅರೆ ನಿಮಿಷದಲ್ಲಿ ಹಲ್ಲು ಕಿತ್ತು ಚೀಲ ತೆಗೆಯುತ್ತಿದ್ದರು. ಬಾಸ್ಟನ್‌ನಲ್ಲಿ ವೆಲ್ಸ್‌ಗೆ ಕೈಕೊಟ್ಟದ್ದು ದುರದೃಷ್ಟವಲ್ಲ, ದುರ್ಬಲ ಅರಿವಳಿಕೆಯನ್ನು ಪೂರ್ಣ ಅರಿವಳಿಕೆಯೆಂದು ಭಾವಿಸಿದ್ದು.

1863ರ ನಂತರ ಅದೇ ಕೋಲ್ಟನ್ ಈ ಅನಿಲವನ್ನು ಮತ್ತೆ ಬಳಕೆಗೆ ತಂದು, ಸಂಸ್ಥೆ ಕಟ್ಟಿ, ಸಾವಿರಾರು ಜನರ ಹಲ್ಲು ಕೀಳಿಸಿದ. ಆಗಲೂ ಅಪ್ಪಟ ಅನಿಲವೇ. ಬದಲಾವಣೆ ಸೂಚಿಸಿದವನು ಷಿಕಾಗೊದ ಶಸ್ತ್ರವೈದ್ಯ ಎಡ್ಮಂಡ್ ಆ್ಯಂಡ್ರೂಸ್. 1868ರಲ್ಲಿ ಅವನು, ಅನಿಲದ ಜೊತೆ ಐದನೇ ಒಂದು ಪಾಲು ಆಕ್ಸಿಜನ್ ಬೆರೆಸಿ ಕೊಡಬೇಕೆಂದು ಬರೆದ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ನಾಯಕ ಇವನೇ. ಆದರೆ ಅವನ ಜೀವನದಲ್ಲಿ ಗೇಲಿಯೂ ಇಲ್ಲ, ಸೆರೆಮನೆಯೂ ಇಲ್ಲ. ಹಾಗಾಗಿ ಕಥೆಗಾರರಿಗೆ ಅವನು ಬೇಡ.

ವ್ಯಂಗ್ಯಚಿತ್ರಕಾರರೂ ಸಿನಿಮಾದವರೂ ಇದೇ ಜಾಡು ಹಿಡಿದವರು. 1802ರಲ್ಲಿ ಜೇಮ್ಸ್ ಗಿಲ್‌ರೇ ಬರೆದ ಪ್ರಸಿದ್ಧ ಚಿತ್ರದಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನ ಉಪನ್ಯಾಸದ ಮೇಜಿನ ಬಳಿ ಡೇವಿ ತಿದಿ ಹಿಡಿದು ನಿಂತಿದ್ದಾನೆ. ಅನಿಲ ಸೇದಿದ ಗಣ್ಯನಿಂದ ಆಗಬಾರದ ಅನಾಹುತವಾಗಿದೆ. 1914ರ ಚಾಪ್ಲಿನ್ ಮೂಕಿ ಚಿತ್ರದ ಹೆಸರೇ 'ಲಾಫಿಂಗ್ ಗ್ಯಾಸ್'. ಅಲ್ಲಿ ಅನಿಲ ಗಲಾಟೆಗೊಂದು ನೆಪ ಅಷ್ಟೆ. ಹಾಸ್ಯದಿಂದ ವಿಜ್ಞಾನವನ್ನು ನಿರೀಕ್ಷಿಸುವುದು ಸರಿಯಲ್ಲ ಎನ್ನುತ್ತೀರಾ? ಹಾಗೂ ಅನ್ನುವಂತಿಲ್ಲ. 'ಲಿಟ್ಲ್ ಷಾಪ್ ಆಫ್ ಹಾರರ್ಸ್' ಎಂಬ ಗೀತನಾಟಕದಲ್ಲಿ, 1986ರ ಅದರ ಚಲನಚಿತ್ರ ರೂಪದಲ್ಲೂ, ಕ್ರೂರ ದಂತವೈದ್ಯನೊಬ್ಬ ಮೋಜಿಗಾಗಿ ಮುಖವಾಡ ತೊಟ್ಟು ಅನಿಲ ಸೇದುತ್ತಾನೆ. ಮುಖವಾಡ ಬಿಚ್ಚಲು ಬರುವುದಿಲ್ಲ. ನಗುತ್ತಲೇ ಉಸಿರುಕಟ್ಟಿ ಸಾಯುತ್ತಾನೆ. ಅಸಂಬದ್ಧ ಕಥೆಯೇ. ಆದರೆ ನನ್ನ ಹಳೆಯ ಲೇಖನಕ್ಕಿಂತ ಅದರಲ್ಲಿ ಹೆಚ್ಚು ರಸಾಯನ ವಿಜ್ಞಾನವಿದೆ ಎಂದು ಒಪ್ಪಿಕೊಳ್ಳಬೇಕಾಗಿದೆ.

ಕುರ್ಚಿಯಲ್ಲಿ ಕೂತವರು

ಈಗ ಇಂದಿನ ದಂತಚಿಕಿತ್ಸೆಗೆ ಬರೋಣ. ಇಲ್ಲಿ ಅನಿಲದ ಕೆಲಸವೇ ಬೇರೆ. ನೋವನ್ನು ತಡೆಯುವುದು ಒಸಡಿಗೆ ಕೊಡುವ ಸ್ಥಳೀಯ ಅರಿವಳಿಕೆಯ ಚುಚ್ಚುಮದ್ದು. ಅನಿಲ ಬೇಕಾಗುವುದು ಭಯಕ್ಕೆ. ಭಯವೆಂದರೆ ಸಣ್ಣ ಮಾತಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳಲ್ಲಿ 2009ರಲ್ಲಿ ನಡೆದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇಕಡ 12ರಷ್ಟು ಮಂದಿಗೆ ದಂತಚಿಕಿತ್ಸೆಯ ತೀವ್ರ ಭೀತಿ ಇರುವುದು ಕಂಡುಬಂದಿತ್ತು. ಇಂಥವರು ಹುಳುಕು ಹಲ್ಲನ್ನು ವರ್ಷಗಟ್ಟಲೆ ಸಹಿಸುತ್ತಾರೆ. ಕೀವಾದ ಮೇಲೆ ಬರುತ್ತಾರೆ. ಅವರಿಗೆಲ್ಲ ಪೂರ್ಣ ಅರಿವಳಿಕೆ ಕೊಟ್ಟರೆ? ಬ್ರಿಟನ್ನಿನಲ್ಲಿ ಬಹುಕಾಲ ಹಾಗೇ ಮಾಡಿದರು. ಹಲ್ಲು ಕೀಳಿಸಲು ಹೋದ ಆರೋಗ್ಯವಂತ ಮಕ್ಕಳು ಸತ್ತ ಪ್ರಕರಣಗಳಾದವು. ಕೊನೆಗೆ 2001ರ ಅಂತ್ಯದ ಬಳಿಕ, ಆಸ್ಪತ್ರೆಯ ಹೊರಗಿನ ದಂತ ಚಿಕಿತ್ಸಾಲಯಗಳಲ್ಲಿ ಪೂರ್ಣ ಅರಿವಳಿಕೆಯನ್ನು ನಿಲ್ಲಿಸಲಾಯಿತು. ಆ ಜಾಗವನ್ನು ತುಂಬಿದ ವಿಧಾನಗಳಲ್ಲಿ ಮುಖ್ಯವಾದದ್ದು, ರೋಗಿ ಎಚ್ಚರವಾಗಿಯೇ ಇರುವ ಉಸಿರಿನ ಶಮನ. ಅಮೆರಿಕದ ದಂತವೈದ್ಯ ಹ್ಯಾರಿ ಲಾಂಗಾ 1960ರ ದಶಕದಲ್ಲಿ ಇದಕ್ಕೊಂದು ಕ್ರಮ ರೂಪಿಸಿದ್ದ. ನಮ್ಮಲ್ಲಿ ಎಲ್ಲ ದಂತ ಚಿಕಿತ್ಸಾಲಯಗಳಲ್ಲೂ ಇದು ಲಭ್ಯವಿಲ್ಲ; ಮಕ್ಕಳ ದಂತವೈದ್ಯರಲ್ಲಿ ಕೆಲವರು ಬಳಸುತ್ತಾರೆ.

ಕ್ರಮ ಹೀಗಿದೆ. ಮೂಗಿನ ಮೇಲೆ ಮಾತ್ರ ಕೂರುವ ಪುಟ್ಟ ಮುಸುಕು. ಬಾಯಿ ವೈದ್ಯರಿಗೆ ಬಿಟ್ಟದ್ದು. ಮೊದಲ ಒಂದೆರಡು ನಿಮಿಷ ಬರಿಯ ಆಕ್ಸಿಜನ್. ಆಮೇಲೆ ಶೇಕಡ 10ರಿಂದ 20ರಷ್ಟು ನೈಟ್ರಸ್ ಆಕ್ಸೈಡ್. ಒಂದು ನಿಮಿಷ ಕಾಯುವುದು, ರೋಗಿಯನ್ನು ಮಾತಾಡಿಸುವುದು, ಬೇಕಾದರೆ ಇನ್ನು 5 ಅಥವಾ 10 ಏರಿಸುವುದು. ಬೆರಳ ತುದಿ ಜುಮ್ಮೆನ್ನುತ್ತದೆ, ಮೈ ಬೆಚ್ಚಗಾಗಿ ಹಗುರಾದಂತೆನಿಸುತ್ತದೆ, ಬಿಗಿದ ಮುಷ್ಟಿ ಸಡಿಲವಾಗುತ್ತದೆ. ಸಾಮಾನ್ಯವಾಗಿ ಶೇಕಡ 30ರಿಂದ 40ರಲ್ಲಿ ಇದು ಸಾಧ್ಯ. ಏರಿಸುವುದು ಅಲ್ಲಿಗೆ ನಿಲ್ಲಬೇಕು. ಪ್ರಮಾಣವನ್ನು ತೂಕ ನೋಡಿ ಲೆಕ್ಕ ಹಾಕುವುದಿಲ್ಲ, ರೋಗಿಯನ್ನು ನೋಡಿ ನಿರ್ಧರಿಸುತ್ತಾರೆ. ಒಬ್ಬರಿಗೆ 25 ಸಾಕು, ಇನ್ನೊಬ್ಬರಿಗೆ 45 ಬೇಕು. ಅದೇ ವ್ಯಕ್ತಿಗೆ ಇಂದಿನದು ನಾಳೆಗೆ ಸರಿಹೊಂದದಿರಬಹುದು.

ಇದು ಸಾಧ್ಯವಾಗುವುದು ಒಂದು ಭೌತಗುಣದಿಂದ. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಕರಗುವುದು ಕಡಿಮೆ. ರಕ್ತ ಮತ್ತು ಅನಿಲಗಳ ನಡುವಣ ಹಂಚಿಕೆಯ ಗುಣಾಂಕ ಸುಮಾರು 0.47. ರಕ್ತವೆಂಬ ತೊಟ್ಟಿ ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಹೀಗಾಗಿ ಗುಬುಟನ್ನು ತಿರುಗಿಸಿದ ಪರಿಣಾಮ ನಿಮಿಷಗಳಲ್ಲೇ ಮಿದುಳಿಗೆ ತಲಪುತ್ತದೆ. ನುಂಗಿಸಿದ ಮಾತ್ರೆಯನ್ನು ಹೀಗೆ ಹಿಂದಕ್ಕೆ ಪಡೆಯಲಾದೀತೆ?

ಇನ್ನು ನಗು! ಕುರ್ಚಿಯಲ್ಲಿ ಕೂತವರು ತಡೆಯಲಾರದೆ ನಗತೊಡಗಿದರೆ, ಮಾತಿಗೆ ಉತ್ತರ ಕೊಡದಿದ್ದರೆ, ತೆರೆದ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿದ್ದರೆ, ಹೊಟ್ಟೆ ತೊಳಸುತ್ತಿದೆಯೆಂದರೆ ಅನಿಲ ಹೆಚ್ಚಾಯಿತೆಂದು ಅರ್ಥ. ಕೂಡಲೇ ಇಳಿಸಬೇಕು. ಹೆಸರೇ ಹೇಳುವ ನಗು ಇಲ್ಲಿ ಅತಿಪ್ರಮಾಣದ ಗುರುತು. 'ನಗೆ ಅನಿಲ' ಎಂಬ ಹೆಸರಿನ ಬಗ್ಗೆ ನನ್ನ ದೊಡ್ಡ ತಕರಾರು ಇದೇ.

ಮುಗಿಸುವಾಗಲೂ ಆಕ್ಸಿಜನ್ ಬೇಕು. ಅನಿಲ ನಿಲ್ಲಿಸಿದ ಕೂಡಲೇ ರಕ್ತದಲ್ಲಿದ್ದ ನೈಟ್ರಸ್ ಆಕ್ಸೈಡ್ ಶ್ವಾಸಕೋಶದ ವಾಯುಗೂಡುಗಳಿಗೆ ನುಗ್ಗಿ ಅಲ್ಲಿರುವ ಆಕ್ಸಿಜನನ್ನು ತೆಳುವಾಗಿಸಬಲ್ಲದು. ಫಿಂಕ್ ಎಂಬ ಅರಿವಳಿಕೆ ತಜ್ಞ 1955ರಲ್ಲಿ ಇದನ್ನು ವಿವರಿಸಿದ. ದಂತಚಿಕಿತ್ಸೆಯ ಕಡಿಮೆ ಪ್ರಮಾಣದಲ್ಲಿ ಆರೋಗ್ಯವಂತರಿಗೆ ಈ ಕುಸಿತ ಅಲ್ಪವೇ. ಆದರೂ ಕೊನೆಯ ಐದು ನಿಮಿಷ ಬರಿಯ ಆಕ್ಸಿಜನ್ ಕೊಡುವುದು ರೂಢಿ, ಮತ್ತು ಸರಿಯಾದ ರೂಢಿ.

ಯಂತ್ರಕ್ಕೆ ಏನು ಗೊತ್ತು?

ದಂತಚಿಕಿತ್ಸೆಗೆಂದೇ ಮಾಡಿದ ಯಂತ್ರದಲ್ಲಿ ನೈಟ್ರಸ್ ಆಕ್ಸೈಡ್ ಶೇಕಡ 70 ಮೀರದು. ಆಕ್ಸಿಜನ್ ಶೇಕಡ 30ಕ್ಕಿಂತ ಇಳಿಯದು. ಆಕ್ಸಿಜನ್ ನಿಂತರೆ ಇನ್ನೊಂದು ಅನಿಲವೂ ತಾನಾಗಿ ನಿಲ್ಲುತ್ತದೆ. ಸಿಲಿಂಡರಿನ ಕವಾಟದ ಮೇಲೆ ಕುಳಿಗಳಿವೆ, ಯಂತ್ರದ ಮೇಲೆ ಅವಕ್ಕೆ ಹೊಂದುವ ಮೊಳೆಗಳು. ಆಕ್ಸಿಜನ್‌ಗೆ 2 ಮತ್ತು 5ನೇ ಸ್ಥಾನ, ನೈಟ್ರಸ್ ಆಕ್ಸೈಡ್‌ಗೆ 3 ಮತ್ತು 5. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಬಣ್ಣವನ್ನೇ ನಂಬುವಂತಿಲ್ಲ. ನಮ್ಮಲ್ಲಿ ಆಕ್ಸಿಜನ್ ಸಿಲಿಂಡರ್ ಕಪ್ಪು, ಭುಜ ಬಿಳಿ. ಅಮೆರಿಕದಲ್ಲಿ ಅದು ಹಸಿರು.

ಇಷ್ಟಾದರೂ ಯಂತ್ರ ನೋಡುವುದು ಒತ್ತಡವನ್ನು, ಅನಿಲದ ಗುರುತನ್ನಲ್ಲ. 2016ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ಒಂದು ಆಸ್ಪತ್ರೆಯಲ್ಲಿ, ಗೋಡೆಯೊಳಗಿನ ಕೊಳವೆಗಳನ್ನು ಅದಲುಬದಲಾಗಿ ಜೋಡಿಸಿದ್ದರಿಂದ ಆಕ್ಸಿಜನ್ ಎಂದು ಬರೆದ ಬಾಯಿಂದ ನೈಟ್ರಸ್ ಆಕ್ಸೈಡ್ ಬಂತು. ಒಂದು ನವಜಾತ ಶಿಶು ಸತ್ತಿತು, ಇನ್ನೊಂದರ ಮಿದುಳಿಗೆ ಹಾನಿಯಾಯಿತು. ಗೋಡೆಯ ಹಿಂದೆ ತಪ್ಪಾದರೆ ಮೊಳೆ, ಕುಳಿ, ಬಣ್ಣಗಳು ಏನು ಮಾಡಿಯಾವು? ಬಾಯಿಂದ ಬರುವ ಅನಿಲವನ್ನೇ ಅಳೆಯುವ ಆಕ್ಸಿಜನ್ ಮಾಪಕ ಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬೇಕು. ಎಲ್ಲಕ್ಕಿಂತ ಮೊದಲು ರೋಗಿಯ ತುಟಿಯ ಬಣ್ಣ ನೋಡುತ್ತ ಪಕ್ಕದಲ್ಲಿ ನಿಂತ ತರಬೇತಾದ ಒಬ್ಬ ಮನುಷ್ಯ ಬೇಕು.

ಯಾರಿಗೆ ಇದು ಸಲ್ಲದು ಎಂಬುದಕ್ಕೂ ಭೌತವಿಜ್ಞಾನದಲ್ಲೇ ಕಾರಣಗಳಿವೆ. ನೆಗಡಿಯಿಂದ ಮೂಗು ಕಟ್ಟಿದವರಿಗೆ ಮೂಗಿನ ಮುಸುಕು ನಿಷ್ಪ್ರಯೋಜಕ. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ನೈಟ್ರೊಜನ್‌ಗಿಂತ ಸುಮಾರು 30 ಪಟ್ಟು ಹೆಚ್ಚು ಕರಗುವುದರಿಂದ, ದೇಹದಲ್ಲಿ ಗಾಳಿ ಸಿಕ್ಕಿಕೊಂಡಿರುವ ಜಾಗಕ್ಕೆ ನೈಟ್ರೊಜನ್ ಹೊರಬರುವುದಕ್ಕಿಂತ ವೇಗವಾಗಿ ಇದು ಒಳಹೋಗುತ್ತದೆ. ಕಿವಿಯ ಒಳಗೆ ಒತ್ತಡ ಏರುತ್ತದೆ. ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣೊಳಗೆ ಅನಿಲದ ಗುಳ್ಳೆ ಇರಿಸಿಕೊಂಡವರಿಗೆ ದೃಷ್ಟಿಯೇ ಹೋಗಬಹುದು. ಹಲ್ಲಿನ ವೈದ್ಯರಿಗೆ ಕಣ್ಣಿನ ವಿಷಯ ಯಾಕೆ ಹೇಳಬೇಕೆಂದು ಕೇಳುವವರು ಇದನ್ನು ನೆನಪಿಡಲಿ. ಗರ್ಭದ ಮೊದಲ ತಿಂಗಳುಗಳಲ್ಲೂ ಇದನ್ನು ಬಳಸುವುದಿಲ್ಲ.

ನಮ್ಮವರು ವಿಶೇಷವಾಗಿ ಗಮನಿಸಬೇಕಾದದ್ದು ಬಿ12 ಜೀವಸತ್ವ. ಅದರ ಕೇಂದ್ರದಲ್ಲಿರುವ ಕೋಬಾಲ್ಟ್ ಪರಮಾಣುವನ್ನು ನೈಟ್ರಸ್ ಆಕ್ಸೈಡ್ ಉತ್ಕರ್ಷಿಸಿ, ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಅನಿಲ ಕೊಟ್ಟಾಗ ಅಸ್ಥಿಮಜ್ಜೆ ಕುಗ್ಗಿದ್ದು 1956ರಲ್ಲಿ ವರದಿಯಾಯಿತು. ಅರ್ಧ ಗಂಟೆಯ ಹಲ್ಲಿನ ಚಿಕಿತ್ಸೆಯಿಂದ ಆರೋಗ್ಯವಂತರಿಗೆ ತೊಂದರೆಯಿಲ್ಲ. ಬಿ12 ಮೊದಲೇ ಕಡಿಮೆ ಇರುವವರ ಮಾತು ಬೇರೆ. ಮಾಂಸ, ಮೊಟ್ಟೆ, ಹಾಲು ವಿರಳವಾದ ಊಟ ಮಾಡುವವರು ನಮ್ಮಲ್ಲಿ ಬಹಳ. ಕೈಕಾಲು ಜುಮ್ಮೆನ್ನುವ, ರಕ್ತಹೀನತೆ ಇರುವ ರೋಗಿಯನ್ನು ಈ ಬಗ್ಗೆ ಮೊದಲೇ ವಿಚಾರಿಸಬೇಕು.

ಅಪಾಯ ಕುರ್ಚಿಯಲ್ಲಿ ಕೂತವರಿಗಿಂತ ಪಕ್ಕದಲ್ಲಿ ನಿಂತವರಿಗೆ ಹೆಚ್ಚಿರಬಹುದೆಂಬುದನ್ನು ಯಾವ ಜನಪ್ರಿಯ ಲೇಖನದಲ್ಲೂ ನಾನು ಓದಿರಲಿಲ್ಲ. ರೋಗಿ ಹೊರಬಿಡುವ ಅನಿಲವನ್ನು ದಿನವಿಡೀ ಉಸಿರಾಡುವವರು ಅವರು. 1978ರಲ್ಲಿ ನರಹಾನಿಯ ಹದಿನೈದು ಪ್ರಕರಣಗಳು ವರದಿಯಾದಾಗ, ಒಬ್ಬರ ಹೊರತು ಎಲ್ಲರೂ ದಂತವೈದ್ಯರೇ; ಅನೇಕರು ಅನಿಲವನ್ನು ಚಟಕ್ಕೂ ಬಳಸಿದ್ದರು. ಹೊರಸೆಳೆಯುವ ವ್ಯವಸ್ಥೆ ಇಲ್ಲದ ಕೋಣೆಗಳಲ್ಲಿ ವಾರಕ್ಕೆ ಐದು ಗಂಟೆಗೂ ಹೆಚ್ಚು ಕೆಲಸ ಮಾಡಿದ ಮಹಿಳಾ ಸಹಾಯಕರಲ್ಲಿ ಗರ್ಭಧಾರಣೆ ತಡವಾಗುವುದು 1992ರ ಅಮೆರಿಕದ ಅಧ್ಯಯನದಲ್ಲಿ ಕಂಡುಬಂತು. ವ್ಯವಸ್ಥೆ ಇದ್ದ ಕಡೆ ಇದು ಕಾಣಲಿಲ್ಲ. ಎರಡು ಪದರದ ಮುಸುಕು, ನಿಮಿಷಕ್ಕೆ ಸುಮಾರು 45 ಲೀಟರ್ ಸೆಳೆಯುವ ಹೀರುಗೊಳವೆ, ಅದು ಕಟ್ಟಡದ ಹೊರಕ್ಕೆ ತೆರೆದಿರಬೇಕು. ಹೊರಗೆ ಹೋದದ್ದು ಹಸಿರುಮನೆ ಅನಿಲವಾಗಿ ನೂರು ವರ್ಷಕ್ಕೂ ಮಿಕ್ಕಿ ಉಳಿಯುತ್ತದೆ ಎಂಬುದು ಇನ್ನೊಂದು ತಲೆನೋವು.

ಇತ್ತೀಚೆಗೆ ಈ ಅನಿಲದ ಬಗ್ಗೆ ಎರಡು ಬಗೆಯ ಬರಹಗಳು ಕಾಣುತ್ತವೆ. ಒಂದು ಬಗೆಯದು 'ಪೂರ್ಣ ಸುರಕ್ಷಿತ, ನೋವೇ ಇಲ್ಲ' ಎಂಬ ಜಾಹೀರಾತಿನ ಧಾಟಿಯದು. ಇನ್ನೊಂದು, ಪಾಶ್ಚಾತ್ಯ ನಗರಗಳಲ್ಲಿ ಯುವಕರು ಬಲೂನಿನಿಂದ ಸೇದಿ ನಡೆಯಲಾರದಂತಾದ ಸುದ್ದಿಯನ್ನು ಹಿಡಿದು ಹೆದರಿಸುವಂಥದು. ಬ್ರಿಟನ್ 2023ರ ನವೆಂಬರಿನಲ್ಲಿ ಇದನ್ನು ನಿಯಂತ್ರಿತ ಮಾದಕಗಳ ಪಟ್ಟಿಗೆ ಸೇರಿಸಿದ್ದು ನಿಜ. ವೈದ್ಯಕೀಯ ಬಳಕೆಗೆ ಅಡ್ಡಿಯಿಲ್ಲ. ಎರಡು ಬಗೆಯವರೂ ಅನಿಲಕ್ಕೇ ಗುಣವನ್ನೋ ದೋಷವನ್ನೋ ಅಂಟಿಸುತ್ತಾರೆ. ಬಲೂನಿನಲ್ಲೂ ಮೂಗಿನ ಮುಸುಕಿನಲ್ಲೂ ಇರುವುದು ಒಂದೇ ಅಣು. ಬಲೂನಿನಲ್ಲಿ ಆಕ್ಸಿಜನ್ ಇಲ್ಲ, ಪಕ್ಕದಲ್ಲಿ ನೋಡಿಕೊಳ್ಳುವವರಿಲ್ಲ, ಎಷ್ಟು ಸಲವೆಂಬ ಲೆಕ್ಕವಿಲ್ಲ.

ಅಧ್ಯಾಪಕರೇ, ಅಮೋನಿಯಮ್ ನೈಟ್ರೇಟನ್ನು ತರಗತಿಯಲ್ಲಿ ಕಾಯಿಸಲು ಹೋಗಬೇಡಿ. ತಾಪ ಮೀರಿದರೆ ಸ್ಫೋಟವಾಗುತ್ತದೆ. ಜೊತೆಗೆ ವಿಷಕಾರಿ ನೈಟ್ರೊಜನ್ ಆಕ್ಸೈಡುಗಳೂ ಹುಟ್ಟುತ್ತವೆ. ಅದರ ಬದಲು ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡಿ. ಈಗ ನಾನು ಕೊಡುವುದು ಇದನ್ನೇ.

ನೈಟ್ರಸ್ ಆಕ್ಸೈಡ್ ಸಿಲಿಂಡರಿನಲ್ಲಿ ದ್ರವರೂಪದಲ್ಲಿರುತ್ತದೆ. ದ್ರವದ ಕೊನೆಯ ಹನಿ ಆವಿಯಾಗುವವರೆಗೂ ಒತ್ತಡದ ಮುಳ್ಳು ಬಹುತೇಕ ಒಂದೇ ಕಡೆ, 20 ಡಿಗ್ರಿಯಲ್ಲಾದರೆ ವಾಯುಮಂಡಲ ಒತ್ತಡದ ಸುಮಾರು 50 ಪಟ್ಟಿನಲ್ಲಿ, ನಿಂತಿರುತ್ತದೆ. ಹಾಗಾಗಿ ಎಷ್ಟು ಉಳಿದಿದೆಯೆಂದು ಮುಳ್ಳು ಹೇಳದು. ಇದರ ಕ್ರಾಂತಿಕ ತಾಪ ಸುಮಾರು 36.5 ಡಿಗ್ರಿ. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಪಾರ 40 ದಾಟಿದಾಗ ಸಿಲಿಂಡರಿನಲ್ಲಿ ದ್ರವವೇ ಇರದು. ಮುಳ್ಳಿನ ಲೆಕ್ಕ ಇನ್ನೂ ಗೊಂದಲ. ತೂಕಕ್ಕೆ ಈ ಹಂಗಿಲ್ಲ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಕೊರೆದಿರುತ್ತದೆ.

ಒಂದು ಸಿಲಿಂಡರ್ ತನ್ನ ಖಾಲಿ ತೂಕಕ್ಕಿಂತ 1,100 ಗ್ರಾಂ ಹೆಚ್ಚು ತೂಗಿತೆನ್ನಿ. 44ರಿಂದ ಭಾಗಿಸಿದರೆ 25 ಮೋಲ್. ಕೋಣೆಯ ತಾಪದಲ್ಲಿ ಮೋಲ್‌ಗೆ 24 ಲೀಟರ್‌ನಂತೆ 600 ಲೀಟರ್ ಅನಿಲ. ಪಕ್ಕದ ಆಕ್ಸಿಜನ್ ಸಿಲಿಂಡರಿನ ಒಳಗಾತ್ರ 5 ಲೀಟರ್, ಮುಳ್ಳು ತೋರಿಸುತ್ತಿರುವುದು ವಾಯುಮಂಡಲ ಒತ್ತಡದ 120 ಪಟ್ಟು. ಅದೂ 600 ಲೀಟರ್. ಯಂತ್ರ ನಿಮಿಷಕ್ಕೆ 2 ಲೀಟರ್ ನೈಟ್ರಸ್ ಆಕ್ಸೈಡನ್ನೂ 4 ಲೀಟರ್ ಆಕ್ಸಿಜನನ್ನೂ ಕೊಡುತ್ತಿದೆ. ಮೊದಲಿನ ಮತ್ತು ಕೊನೆಯ ಬರಿಯ ಆಕ್ಸಿಜನ್ನಿನ ಲೆಕ್ಕ ಬಿಟ್ಟರೂ, ಒಂದು 300 ನಿಮಿಷ ಬರುತ್ತದೆ, ಇನ್ನೊಂದು 150. ಮೊದಲು ಮುಗಿಯುವುದು ಯಾವುದು, ಮುಗಿದಾಗ ಯಂತ್ರ ಏನು ಮಾಡಬೇಕು ಎಂದು ಕೇಳಿ. ಕಡ್ಡಿಯ ಪ್ರಶ್ನೆ ಕೇಳಿದ ಆ ಹುಡುಗ ಈ ಲೆಕ್ಕವನ್ನು ಮಾಡಿ ಮುಗಿಸಿ, ಹಾಗಾದರೆ ಆಕ್ಸಿಜನ್ ಸಿಲಿಂಡರ್ ಯಾವಾಗಲೂ ಎರಡಿರಬೇಕಲ್ಲ ಸಾರ್ ಎಂದ.